ಬೆವರಿದ ಅಂಗೈ

(ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕೋಣೆ. ಒಂದು ಮೇಜು, ಒಂದು ಕುರ್ಚಿ, ಕಿವಿಗೆ ಹೆಡ್‌ಫೋನ್, ಎದುರಿಗೆ ಮೈಕು. ಒಳಗೆ ಕೂತಿರುವುದು ನ್ಯೂಯಾರ್ಕಿನ ಒಬ್ಬ ಕಾಲೇಜು ವಿದ್ಯಾರ್ಥಿ. ನಗರದಲ್ಲಿ ಓದುವವರ ಕಷ್ಟಸುಖ ಮಾತಾಡಬೇಕು, ಮುಖಾಮುಖಿ ಕೂತರೆ ಸಂಕೋಚವಾದೀತು, ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಎಂದು ಅವನಿಗೆ ಹೇಳಿದ್ದಾರೆ. ಮೊದಲು ಮಾತಾಡಿದ ಹುಡುಗ ತಡವರಿಸುತ್ತಲೇ ತನಗೆ ಮೂರ್ಛೆರೋಗ ಇದೆ, ಓದಿನ ಒತ್ತಡ ಹೆಚ್ಚಾದಾಗ ಬರುತ್ತದೆ ಅನ್ನುತ್ತಾನೆ. ಒಂದು ಸುತ್ತು ಮುಗಿದು ಮತ್ತೆ ಅವನ ಸರದಿ ಬರುತ್ತದೆ. ಈ ಸಲ ಮಾತು ತೊದಲುತ್ತದೆ, ದನಿ ಏರುತ್ತದೆ, ಉಸಿರು ಕಟ್ಟಿದ ಸದ್ದು ಕೇಳುತ್ತದೆ. ಯಾರಾದರೂ ಬನ್ನಿ, ಸತ್ತೇಹೋಗ್ತೀನಿ ಅನ್ನುವ ಅರ್ಥದ ತುಂಡು ತುಂಡು ಮಾತು. ಆಮೇಲೆ ಏನೂ ಇಲ್ಲ.

ಆ ದನಿ ಟೇಪಿನಲ್ಲಿ ಮೊದಲೇ ಮುದ್ರಿಸಿಟ್ಟದ್ದು. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗ ಇದು. ಇಂಥದ್ದನ್ನು ಇವತ್ತು ಹೀಗೇ ನಡೆಸಲು ನೈತಿಕ ಸಮಿತಿಗಳು ಸುಲಭಕ್ಕೆ ಒಪ್ಪಲಾರವು. ಆ ವಿದ್ಯಾರ್ಥಿಗಳನ್ನು ಅಂಥ ಸಂಕಟಕ್ಕೆ ದೂಡಿದ್ದು ನನಗೂ ಸರಿ ಅನಿಸುವುದಿಲ್ಲ. ಆದರೆ ಅಲ್ಲಿ ಕಂಡದ್ದನ್ನು ಮರೆಯಲಿಕ್ಕೂ ಆಗುವುದಿಲ್ಲ. ತಾನು ಮತ್ತು ಆ ಹುಡುಗ ಇಬ್ಬರೇ ಇದ್ದೇವೆ ಎಂದು ನಂಬಿದ್ದವರಲ್ಲಿ ಶೇ. 85 ಮಂದಿ, ಆ ದನಿ ನಿಲ್ಲುವ ಮುಂಚೆಯೇ ಕೋಣೆಯಿಂದ ಹೊರಗೋಡಿ ಬಂದು ವಿಷಯ ತಿಳಿಸಿದರು. ಇನ್ನೊಬ್ಬನೂ ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಾಗ ಅದು ಶೇ. 62ಕ್ಕೆ ಇಳಿಯಿತು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡಾಗ ಶೇ. 31.

ಈ ಅಂಕಿಗಳನ್ನು ನಿಮ್ಮಲ್ಲಿ ಕೆಲವರು ಎಲ್ಲಾದರೂ ಓದಿರಬಹುದು. ನಾನು ಇವತ್ತು ಮಾತಾಡಬೇಕೆಂದಿರುವುದು ಅದೇ ವರದಿಯಲ್ಲಿ ಬರುವ, ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಸಂಗತಿಯ ಬಗ್ಗೆ. ಪ್ರಯೋಗ ಮುಗಿಸಲು ಸಂಶೋಧಕಿ ಬಾಗಿಲು ತೆರೆದು ಒಳಗೆ ಹೋದಾಗ, ಏಳದೆ ಕೂತಿದ್ದವರ ಕೈಗಳು ನಡುಗುತ್ತಿದ್ದವು. ಅಂಗೈ ಬೆವೆತಿತ್ತು. ಅವನು ಹುಷಾರಾಗಿದ್ದಾನಾ, ಯಾರಾದರೂ ನೋಡಿಕೊಳ್ತಿದ್ದಾರಾ ಎಂದು ಅವರೇ ಮೊದಲು ಕೇಳಿದರು. ಎದ್ದು ಓಡಿದವರಿಗಿಂತ ಏಳದೆ ಉಳಿದವರೇ ಹೆಚ್ಚು ಕಂಗೆಟ್ಟಂತೆ ಕಾಣುತ್ತಿದ್ದರು. ಸಹಾಯ ಮಾಡಬಾರದು ಎಂದು ಅವರು ತೀರ್ಮಾನಿಸಿರಲಿಲ್ಲ. ಮಾಡಬೇಕೋ ಬೇಡವೋ ಎಂಬಲ್ಲೇ ಸಿಕ್ಕಿಕೊಂಡಿದ್ದರು. ಅವರು ಅಲ್ಲಿ ಸಿಕ್ಕಿಕೊಂಡಿದ್ದ ಹೊತ್ತು, ಹೊರಗಿನವರ ಕಣ್ಣಿಗೆ, ನಿರಾಕರಣೆಯ ಹಾಗೆಯೇ ಕಾಣುತ್ತದೆ.

ಯಾರೋ ರಸ್ತೆಯಲ್ಲಿ ಬಿದ್ದು ನರಳುವಾಗ ಸುತ್ತ ಜನ ನಿಂತು ನೋಡಿದರು ಎಂಬ ಸುದ್ದಿ ಬಂದಾಗಲೆಲ್ಲ ನಾವು ಹೇಳುವ ಒಂದು ವಾಕ್ಯವಿದೆ: ಮಾನವೀಯತೆ ಸತ್ತುಹೋಗಿದೆ. ಕಾಲ ಕೆಟ್ಟಿತು, ಜನರ ಎದೆ ಕಲ್ಲಾಯಿತು. ಹೀಗನ್ನುವಾಗ ನಾವು ಆ ಗುಂಪಿನಲ್ಲಿ ಇರಲಿಲ್ಲ ಅನ್ನುವ ಸಮಾಧಾನವೂ ಅದರೊಳಗೆ ಸೇರಿಕೊಂಡಿರುತ್ತದೆ. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ಸಂಜೆ ಆ ಗುಂಪಿನಲ್ಲಿ ನಾನೇ ಇದ್ದೆ.

ರೈಲು ನಿಲ್ದಾಣದ ಮೆಟ್ಟಿಲು. ಕೆಲಸ ಮುಗಿಸಿದವರ ನೂಕುನುಗ್ಗಲು. ಅರ್ಧ ದಾರಿಯಲ್ಲಿ ಮೆಟ್ಟಿಲು ತಿರುಗುವ ಕಡೆ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದರು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಎದೆಯ ಮೇಲೆ, ತಲೆ ಬಗ್ಗಿಸಿದ್ದರು. ಹೊಳೆ ನಡುವಿನ ಬಂಡೆಯನ್ನು ನೀರು ಬಳಸಿಕೊಂಡು ಹೋಗುವ ಹಾಗೆ ಜನ ಅವರ ಎರಡೂ ಪಕ್ಕದಿಂದ ಹೋಗುತ್ತಿದ್ದರು. ನನ್ನ ಕಾಲು ನಿಧಾನವಾಯಿತು. ಆಗ ನಾನು ನೋಡಿದ್ದು ಅವರ ಮುಖವನ್ನಲ್ಲ, ಎದುರಿನಿಂದ ಇಳಿದು ಬರುತ್ತಿದ್ದವರ ಮುಖಗಳನ್ನು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಸುಸ್ತಾಗಿ ಕೂತಿರಬಹುದು, ಜೊತೆಗೆ ಯಾರೋ ಇರಬಹುದು, ಕುಡಿದಿರಲೂಬಹುದು. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರು ಕಾರಣ ಸಿಕ್ಕವು. ನಾಲ್ಕನೆಯ ಮೆಟ್ಟಿಲು ಹತ್ತಿದ ಮೇಲೆ ಹಿಂತಿರುಗುವುದು ಇನ್ನೂ ಕಷ್ಟವಾಯಿತು. ಹೋಗಿಬಿಟ್ಟೆ.

ಎಷ್ಟೋ ದಿನದ ಮೇಲೆ ಹೊಳೆದದ್ದು ಇದು: ಇಳಿದು ಬರುತ್ತಿದ್ದವರೂ ನನ್ನ ಮುಖ ನೋಡಿದ್ದರು. ನಾನು ಒಳಗೇ ನುಂಗಿಕೊಂಡ ಗಾಬರಿ ಅವರಿಗೆ ಕಾಣಲಿಲ್ಲ. ನನ್ನ ನಿರ್ವಿಕಾರ ಮುಖ ನೋಡಿ, ಅಲ್ಲಿ ಏನೂ ಆಗಿಲ್ಲ ಎಂದು ಅವರು ತಿಳಿದಿರಬೇಕು. ಅವರ ಮುಖ ನೋಡಿ ನಾನು ತಿಳಿದ ಹಾಗೆಯೇ.

ಇದನ್ನೂ ಲಟಾನೆ ಮತ್ತು ಡಾರ್ಲಿ ಅದೇ 1968ರಲ್ಲಿ ಪರೀಕ್ಷಿಸಿದ್ದರು. ಕೋಣೆಯಲ್ಲಿ ಕೂತು ಅರ್ಜಿ ತುಂಬುತ್ತಿರುವವರ ಎದುರು ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದಾಗ 4ರಲ್ಲಿ 3 ಜನ ಎದ್ದು ಹೋಗಿ ಹೇಳಿದರು. ಜೊತೆಯಲ್ಲಿ ಕೂತ ಇಬ್ಬರು, ಸಂಶೋಧಕರೇ ಹೇಳಿಕೊಟ್ಟ ಪ್ರಕಾರ, ಹೊಗೆಯತ್ತ ಒಮ್ಮೆ ನೋಡಿ ಭುಜ ಕುಣಿಸಿ ಬರೆಯುವುದನ್ನು ಮುಂದುವರಿಸಿದಾಗ 10ರಲ್ಲಿ ಒಬ್ಬನೇ ಎದ್ದದ್ದು. ಉಳಿದ ಒಂಬತ್ತು ಜನ ಕೆಮ್ಮಿದರು, ಕಣ್ಣು ಉಜ್ಜಿಕೊಂಡರು, ಕಿಟಕಿ ತೆರೆದರು, ಹೊಗೆಯನ್ನು ಕೈಯಲ್ಲಿ ಬೀಸಿ ಸರಿಸಿಕೊಂಡು ಬರೆಯುತ್ತಲೇ ಇದ್ದರು. ಆಮೇಲೆ ಕೇಳಿದರೆ ಆವಿ ಅಂದರು, ಹವಾನಿಯಂತ್ರಕದ ದೋಷ ಅಂದರು. ಗಮನಿಸಿ, ಇಲ್ಲಿ ಅಪಾಯ ಬೇರೆ ಯಾರಿಗೋ ಬಂದದ್ದಲ್ಲ, ಅವರ ಕೋಣೆಗೇ ಬಂದದ್ದು. ಪರರ ಬಗ್ಗೆ ಕಾಳಜಿ ಇಲ್ಲ ಎಂಬ ಆರೋಪ ಇಲ್ಲಿ ನಿಲ್ಲುವುದೇ ಇಲ್ಲ. ಪಕ್ಕದವರು ಸುಮ್ಮನಿದ್ದಾರೆ ಅಂದಮೇಲೆ ಹೊಗೆ ಕೂಡ ಹೊಗೆಯಾಗಿ ಕಾಣಲಿಲ್ಲ. ಪಕ್ಕದವರಿಂದ ನಿಮ್ಮ ನಡೆ ಬದಲಾಯಿತೇ ಎಂದು ಈ ಪ್ರಯೋಗಗಳಲ್ಲಿ ಪಾಲ್ಗೊಂಡವರನ್ನು ವಿಚಾರಿಸಿದರೆ, ಇಲ್ಲವೇ ಇಲ್ಲ ಅನ್ನುತ್ತಿದ್ದರು. ಸುಳ್ಳು ಹೇಳಿದರು ಅನಿಸುವುದಿಲ್ಲ. ಆ ಸೆಳೆತ ಒಳಗಿನಿಂದ ಗೊತ್ತಾಗುವಂಥದ್ದಲ್ಲ.

ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಇದೆ. ಒಬ್ಬನೇ ಇದ್ದರೆ ಕೋಲು ಅವನ ಕೈಯಲ್ಲೇ ಇರಬೇಕು. ಹತ್ತು ಜನ ಇದ್ದರೆ ಕೋಲು ಯಾರ ಕೈಯಲ್ಲಿರಬೇಕು ಅನ್ನುವುದೇ ಪ್ರಶ್ನೆ. ಹೊಣೆ ಹತ್ತು ಪಾಲಾಗುತ್ತದೆ, ಯಾರಿಗೂ ತನ್ನ ಪಾಲು ಎತ್ತುವಷ್ಟು ಭಾರ ಅನಿಸುವುದಿಲ್ಲ.

ಈ ಸಂಶೋಧನೆಗಳಿಗೆಲ್ಲ ಬೀಜ ಬಿದ್ದದ್ದು 1964ರ ಮಾರ್ಚ್ 13ರ ನಸುಕಿನಲ್ಲಿ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ 28 ವರ್ಷದ ಕಿಟ್ಟಿ ಜಿನೊವೀಸ್ ತನ್ನ ಮನೆಯ ಹತ್ತಿರವೇ ಕೊಲೆಯಾದಳು. ಎರಡು ವಾರದ ಬಳಿಕ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಬರೆದದ್ದು: 38 ಜನ ಗೌರವಸ್ಥ ನಾಗರಿಕರು ಅರ್ಧ ಗಂಟೆಗೂ ಮಿಕ್ಕಿ ಆ ಹಲ್ಲೆಯನ್ನು ನೋಡುತ್ತ ನಿಂತಿದ್ದರು, ದಾಳಿ ನಡೆಯುತ್ತಿದ್ದಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ. ಮುಂದೆ ದಶಕಗಳ ಕಾಲ ಮನಶ್ಶಾಸ್ತ್ರದ ಪಠ್ಯಗಳು ಇದನ್ನೇ ಹೇಳಿಕೊಂಡು ಬಂದವು.

ಆ ಕಥೆ ಬಹುಪಾಲು ತಪ್ಪು. ಕೊಲೆಗಾರ 2016ರಲ್ಲಿ ಜೈಲಿನಲ್ಲಿ ಸತ್ತಾಗ ಅದೇ ಪತ್ರಿಕೆ, ಸಾಕ್ಷಿಗಳ ಸಂಖ್ಯೆಯನ್ನೂ ಅವರು ಕಂಡದ್ದನ್ನೂ ತನ್ನ ವರದಿ ಉತ್ಪ್ರೇಕ್ಷಿಸಿತ್ತು ಎಂದು ಒಪ್ಪಿಕೊಂಡಿತು. ನಡೆದದ್ದು ಎರಡು ದಾಳಿ. ಎರಡನೆಯದು ಕಟ್ಟಡದ ಹಿಂಬದಿಯ ಮೆಟ್ಟಿಲ ಬುಡದಲ್ಲಿ, ಹೆಚ್ಚಿನವರ ಕಣ್ಣಿಗೆ ಬೀಳದ ಜಾಗದಲ್ಲಿ. ಮೊದಲ ದಾಳಿಯ ಹೊತ್ತಿಗೆ ಒಬ್ಬ ಕಿಟಕಿಯಿಂದ ಕೂಗಿ ಗದರಿಸಿದ್ದ, ಕೊಲೆಗಾರ ಆಗ ಓಡಿಹೋಗಿದ್ದ. ಪಕ್ಕದ ಮನೆಯ ಹೆಂಗಸೊಬ್ಬಳು, ಕೊಲೆಗಾರ ಅಲ್ಲೇ ಇರಬಹುದು ಎಂಬುದನ್ನೂ ಲೆಕ್ಕಿಸದೆ ಇಳಿದು ಬಂದು, ಕಿಟ್ಟಿಯನ್ನು ತನ್ನ ತೋಳಿನಲ್ಲಿ ಹಿಡಿದುಕೊಂಡು ಕೂತಿದ್ದಳು. ನನಗೆ ಬಹಳ ನೋವಾಗುವುದು ಇಲ್ಲಿ. 38 ಜನ ಕಲ್ಲೆದೆಯವರ ಕಥೆ ಜಗತ್ತನ್ನೆಲ್ಲ ಸುತ್ತಿತು, ಆ ಹೆಂಗಸು ಕಥೆಯಿಂದಲೇ ಬಿಟ್ಟುಹೋದಳು. ಯಾರೂ ಸಹಾಯ ಮಾಡುವುದಿಲ್ಲ ಎಂಬ ಸುದ್ದಿಯೇ ಜನರನ್ನು ಸಹಾಯ ಮಾಡದಂತೆ ತಡೆಯುತ್ತದೆ ಎಂದು ನಾನು ನಂಬಿದ್ದೇನೆ. ಎಲ್ಲರೂ ಕೈಕಟ್ಟಿ ನಿಲ್ಲುವುದೇ ವಾಡಿಕೆ ಅಂದಮೇಲೆ ನಾನೊಬ್ಬ ಮುಂದೆ ಹೋಗುವುದು ವಿಚಿತ್ರವಾಗುತ್ತದೆ.

ಹಾಗಾದರೆ ನಿಜ ಏನು? 2019ರಲ್ಲಿ ಸಂಶೋಧಕರ ಒಂದು ತಂಡ ಆಂಸ್ಟರ್‌ಡ್ಯಾಮ್, ಕೇಪ್‌ಟೌನ್ ಮತ್ತು ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ಸೆರೆಯಾದ 219 ಜಗಳ, ಹೊಡೆದಾಟಗಳನ್ನು ಒಂದೊಂದಾಗಿ ಕೂತು ನೋಡಿತು. ಶೇ. 91 ಪ್ರಕರಣಗಳಲ್ಲಿ ದಾರಿಹೋಕರಲ್ಲಿ ಒಬ್ಬರಾದರೂ ನಡುವೆ ಹೋಗಿದ್ದರು: ತಡೆದರು, ಎಳೆದರು, ಪೆಟ್ಟು ತಿಂದವರನ್ನು ಸಂತೈಸಿದರು. ಜನ ಹೆಚ್ಚಿದ್ದಷ್ಟೂ ಯಾರಾದರೂ ಒಬ್ಬರು ಮುಂದೆ ಬರುವ ಸಾಧ್ಯತೆ ಹೆಚ್ಚಾಗಿತ್ತು.

ಇದು 1968ರ ಫಲಿತಾಂಶವನ್ನು ಸುಳ್ಳು ಮಾಡುತ್ತದೆಯೇ ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಇಲ್ಲ. ಗುಂಪು ದೊಡ್ಡದಾದಾಗ ಒಬ್ಬೊಬ್ಬರೂ ಹಿಂಜರಿಯುವುದು ಹೆಚ್ಚಿದರೂ, ಅಷ್ಟು ಜನರಲ್ಲಿ ಯಾರೋ ಒಬ್ಬರು ಮುನ್ನುಗ್ಗುವ ಸಂಭವವೂ ಹೆಚ್ಚೇ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೀದಿಯ ಹೊಡೆದಾಟದಲ್ಲಿ ಏನಾಗುತ್ತಿದೆ ಎಂಬ ಬಗ್ಗೆ ಅನುಮಾನವೇ ಇರುವುದಿಲ್ಲ. ಒಬ್ಬರ ಮುಖದಲ್ಲಿನ ಗಾಬರಿ ಇನ್ನೊಬ್ಬರಿಗೆ ಕಾಣುತ್ತದೆ. ನಮ್ಮನ್ನು ಹೆಚ್ಚಾಗಿ ಕಟ್ಟಿಹಾಕುವುದು ಸಂದಿಗ್ಧ. ಮೆಟ್ಟಿಲ ಮೇಲೆ ಸುಮ್ಮನೆ ಕೂತ ಮನುಷ್ಯ. ನಿದ್ದೆಯೋ ಪ್ರಜ್ಞೆ ತಪ್ಪಿದೆಯೋ ತಿಳಿಯದ ಹಾಗೆ ಬೆಂಚಿನ ಮೇಲೆ ಒರಗಿದ ಮುದುಕ. ನೀರಿನಲ್ಲಿ ಮುಳುಗುತ್ತಿರುವವರು ಕೂಡ ಕೈಬೀಸಿ ಕೂಗುವುದು ಕಡಿಮೆ. ಉಸಿರು ಎಳೆದುಕೊಳ್ಳುವುದಕ್ಕೇ ಬಾಯಿ ಸಾಲದು, ಕೂಗುವುದೆಲ್ಲಿ? ದಡದಲ್ಲಿದ್ದವರಿಗೆ ಆಟದಂತೆಯೇ ಕಾಣುತ್ತದೆ.

ಇನ್ನೊಂದು ಸಂದಿಗ್ಧ ಇದೆ, ಅದನ್ನು ನಾವೇ ಕೈಯಾರೆ ಕಟ್ಟಿಕೊಂಡಿದ್ದೇವೆ. 1976ರಲ್ಲಿ ಲ್ಯಾನ್ಸ್ ಶಾಟ್ಲೆಂಡ್ ಮತ್ತು ಮಾರ್ಗರೆಟ್ ಸ್ಟ್ರಾ ಎಂಬ ಸಂಶೋಧಕರು ಒಂದು ಜಗಳವನ್ನು ನಾಟಕದಂತೆ ಆಡಿಸಿದರು. ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುತ್ತಿದ್ದಾನೆ, ಅವಳು ಬಿಡು ಎಂದು ಕಿರುಚುತ್ತಿದ್ದಾಳೆ. ಒಂದು ಸಲ ಅವಳ ಬಾಯಲ್ಲಿ, ನೀನು ಯಾರೋ ನನಗೆ ಗೊತ್ತಿಲ್ಲ ಎಂಬ ಮಾತು. ನೋಡಿದವರಲ್ಲಿ ಶೇ. 65 ಮಂದಿ ಅಡ್ಡ ಬಂದರು. ಇನ್ನೊಂದು ಸಲ ಅದೇ ಜಗಳ, ಅದೇ ಕಿರುಚಾಟ, ಮಾತು ಮಾತ್ರ ಬೇರೆ: ನಿನ್ನನ್ನು ಯಾಕಾದರೂ ಮದುವೆಯಾದೆನೋ. ಅಡ್ಡ ಬಂದವರು ಶೇ. 19.

ಒಂದು ವಾಕ್ಯ ಬದಲಾಯಿತು, ಅಷ್ಟೇ. ಹೊಡೆತ ಅದೇ, ನೋವು ಅದೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲ ಹೇಳಿದ್ದೇವೆ, ಕೇಳಿದ್ದೇವೆ. ಸಣ್ಣ ಮುನಿಸಿನ ಮಟ್ಟಿಗೆ ಅದು ಒಳ್ಳೆಯ ಮಾತೇ ಇರಬಹುದು. ಆದರೆ ಗೋಡೆಯಾಚೆಯಿಂದ ಏಟಿನ ಸದ್ದು ಕೇಳಿದಾಗಲೂ ಅದೇ ಗಾದೆ ನಮ್ಮ ಬಾಯಿಗೆ ಬರುತ್ತದೆ ಅನ್ನುವುದು ಸಣ್ಣ ವಿಷಯವಲ್ಲ. ಉಂಡು ಮಲಗಿದ ಮೇಲೂ ಏಳದ ಹೆಂಗಸರಿದ್ದಾರೆ. ಅವರ ಪಕ್ಕದ ಮನೆಯವರು ಕೆಟ್ಟವರಾಗಿದ್ದರೆಂದು ನಾನು ಹೇಳಲಾರೆ. ಅದು ಅವರ ಮನೆ ವಿಷಯ ಎಂದು ಮರ್ಯಾದೆಯಿಂದ ಸುಮ್ಮನಿದ್ದವರು ಅವರು. ಬಾಗಿಲು ತಟ್ಟಿ, ಏನೂ ಇಲ್ಲ, ಸ್ವಲ್ಪ ಸಕ್ಕರೆ ಬೇಕಿತ್ತು ಎಂದು ಕೇಳಿದರೂ ಸಾಕಿತ್ತು. ಹೊರಗೊಬ್ಬರು ಎಚ್ಚರವಾಗಿದ್ದಾರೆ ಎಂದು ಒಳಗಿರುವವನಿಗೆ ಗೊತ್ತಾಗುತ್ತಿತ್ತು.

ಅವಸರದ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ದರೋಡೆಕೋರರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಇಬ್ಬರು ಧಾರ್ಮಿಕರು ದಾಟಿ ಹೋದರು, ಪರಕೀಯನೆನಿಸಿಕೊಂಡ ಸಮಾರ್ಯದವನೊಬ್ಬ ಎತ್ತಿ ಉಪಚರಿಸಿದ ಎಂಬ ಸಾಮತಿ, ಅಂದರೆ ನೀತಿಕಥೆ, ಬೈಬಲಿನಲ್ಲಿದೆ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್, ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಬನ್ನಿ ಎಂದು ಕಳಿಸಿದರು. ಕೆಲವರು ಮಾತಾಡಬೇಕಿದ್ದದ್ದು ಇದೇ ಸಾಮತಿಯ ಮೇಲೆ. ದಾರಿಯಲ್ಲಿ ಒಬ್ಬ ಬಾಗಿಲ ಬಳಿ ಕುಸಿದು ನರಳುತ್ತಿದ್ದ. 1973ರಲ್ಲಿ ಪ್ರಕಟವಾದ ಫಲಿತಾಂಶ: ಬೇಕಾದಷ್ಟು ಸಮಯವಿದ್ದವರಲ್ಲಿ ಶೇ. 63 ಮಂದಿ ನಿಂತರು, ಈಗಾಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ. 10. ಸಾಮತಿಯನ್ನು ತಲೆಯಲ್ಲಿ ತುಂಬಿಕೊಂಡಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಆದರೆ ಇಲ್ಲೂ ಒಂದು ವಿಷಯವಿದೆ. ನಿಲ್ಲದೆ ಹೋದವರು ಆ ಕಡೆ ತಲುಪಿದಾಗ ಕಳವಳಗೊಂಡಂತೆ ಕಾಣುತ್ತಿದ್ದರು ಎಂದು ಸಂಶೋಧಕರು ಬರೆದಿದ್ದಾರೆ. ಮತ್ತೆ ಅದೇ ಬೆವರಿದ ಅಂಗೈ.

ಹೇಗೆ ಸಹಾಯ ಮಾಡಬೇಕೆಂದೇ ಗೊತ್ತಿಲ್ಲದಿರುವುದು ಇನ್ನೊಂದು ಕಾರಣ. ಇದನ್ನು ನಾವು ಬೇಕಾದಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ದೂರು. ಹೃದಯ ಹಠಾತ್ತನೆ ನಿಂತವರ ಎದೆಯನ್ನು ಒತ್ತುವವರು ಯಾರೂ ಇಲ್ಲದಿದ್ದರೆ, ಕಳೆಯುವ ಪ್ರತಿ ನಿಮಿಷಕ್ಕೂ ಅವರು ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಎದೆಯ ನಡುಭಾಗದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಅರ್ಧ ದಿನದಲ್ಲಿ ಕಲಿಯಬಹುದಾದ ವಿದ್ಯೆ. ಕಲಿಯದವನ ಮನಸ್ಸಿನಲ್ಲಿ ಓಡುವುದು, ನಾನು ಮುಟ್ಟಿ ಇನ್ನಷ್ಟು ಕೆಟ್ಟರೆ, ಆಮೇಲೆ ನನ್ನ ಮೇಲೇ ಬಂದರೆ ಅನ್ನುವ ಭಯ. ಊರ ಉಸಾಬರಿ ನಮಗ್ಯಾಕೆ ಎಂದು ಹೇಳುವವನ ದನಿಯಲ್ಲಿ ಬಹಳ ಸಲ ಅಡಗಿರುವುದು ಈ ಭಯವೇ. ಜರ್ಮನಿ, ಫ್ರಾನ್ಸ್‌ಗಳಲ್ಲಿ, ತನಗೆ ಅಪಾಯವಿಲ್ಲದೆ ನೆರವಾಗಬಹುದಾಗಿದ್ದೂ ನೆರವಾಗದಿರುವುದೇ ಶಿಕ್ಷಾರ್ಹ ಅಪರಾಧ. ಶಿಕ್ಷೆಯ ಭಯಕ್ಕಿಂತ ಕೈಗೊಂದು ವಿದ್ಯೆ ಕೊಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನನ್ನ ಎಣಿಕೆ.

ಈಗ ನನಗೆ ಎಲ್ಲಕ್ಕಿಂತ ಭರವಸೆ ಕೊಟ್ಟ ಸಂಗತಿಗೆ ಬರುತ್ತೇನೆ. 1975ರಲ್ಲಿ ಥಾಮಸ್ ಮೊರಿಯಾರ್ಟಿ ಎಂಬುವರು ಕಡಲತೀರದಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಒಬ್ಬ ಬಂದು ಹಾಸು ಹಾಸಿ, ರೇಡಿಯೋ ಹಚ್ಚಿಟ್ಟು, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಾನೆ. ಇನ್ನೊಬ್ಬ ಬಂದು ಆ ರೇಡಿಯೋ ಎತ್ತಿಕೊಂಡು ಸರಸರ ನಡೆಯುತ್ತಾನೆ. ಪಕ್ಕದಲ್ಲಿದ್ದ 20 ಜನರಲ್ಲಿ ಕಳ್ಳನನ್ನು ತಡೆದವರು ಕೇವಲ 4. ಆಮೇಲೆ ಒಂದೇ ಒಂದು ಬದಲಾವಣೆ ಮಾಡಿದರು. ಹೋಗುವ ಮುಂಚೆ ಅವನು ಪಕ್ಕದವರನ್ನು, ನನ್ನ ಸಾಮಾನು ಸ್ವಲ್ಪ ನೋಡಿಕೊಳ್ತೀರಾ ಎಂದು ಕೇಳುತ್ತಾನೆ. ಈ ಸಲ 20ರಲ್ಲಿ 19 ಜನ ಕಳ್ಳನ ಹಿಂದೆ ಹೋದರು. ಅದೇ ತೀರ, ಅಂಥದ್ದೇ ಜನ. ನಡುವೆ ಒಂದು ವಾಕ್ಯ ಬಂದಿತ್ತು, ಅಷ್ಟೇ. ಮದುವೆಯ ಮಾತು ಜನರನ್ನು ಹಿಂದೆ ಸರಿಸಿದ್ದು ನೆನಪಿದೆಯಲ್ಲ. ಇಲ್ಲಿ ಇನ್ನೊಂದು ಮಾತು ಅವರನ್ನು ಎಬ್ಬಿಸಿ ಓಡಿಸಿತು.

ಇದು ಕಡಲತೀರದ ರೇಡಿಯೋ ಮಾತು ತಾನೇ ಎನ್ನಬೇಡಿ. ಸ್ಯಾಮ್ಯುಯೆಲ್ ಓಲಿನರ್ ಪೋಲೆಂಡಿನ ಯಹೂದಿ ಹುಡುಗ. 1942ರಲ್ಲಿ, 12ನೆಯ ವಯಸ್ಸಿನಲ್ಲಿ, ಅವನ ಮನೆಯವರನ್ನೆಲ್ಲ ನಾಜಿಗಳು ಕೊಂದರು. ತಪ್ಪಿಸಿಕೊಂಡು ಓಡಿದವನು ಒಬ್ಬ ರೈತ ಹೆಂಗಸಿನ ಮನೆ ಬಾಗಿಲು ಬಡಿದ. ಆಕೆ ಒಳಗೆ ಕರೆದಳು. ಕ್ರೈಸ್ತ ಹುಡುಗನಂತೆ ಬದುಕುವುದನ್ನು ಕಲಿಸಿದಳು. ದೊಡ್ಡವನಾಗಿ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞನಾದ ಓಲಿನರ್, ಹೆಂಡತಿ ಪರ್ಲ್ ಜೊತೆ ಸೇರಿ, ಯಹೂದಿಗಳನ್ನು ಅಡಗಿಸಿಟ್ಟು ಕಾಪಾಡಿದ 400ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ನೀವೇಕೆ ಮಾಡಿದಿರಿ ಎಂಬುದಕ್ಕೆ ಉತ್ತರಗಳು ನಾನಾ ಬಗೆ. ಆದರೆ ಮೊದಲ ಸಲ ಹೇಗೆ ಶುರುವಾಯಿತು ಎಂದು ನೋಡಿದರೆ, ಹೆಚ್ಚಿನವರ ವಿಷಯದಲ್ಲಿ ಯಾರೋ ಬಂದು ಕೇಳಿದ್ದರು. ಸಿಕ್ಕಿಬಿದ್ದರೆ ಜೀವವೇ ಹೋಗುವಂಥ ಕೆಲಸ. ಅದಕ್ಕೂ ಜನ ಒಪ್ಪಿದ್ದು ಅವರನ್ನೇ ಉದ್ದೇಶಿಸಿ ಒಬ್ಬರು ಕೇಳಿದ್ದರಿಂದ. ಕೇಳಿಸಿಕೊಳ್ಳದೆಯೇ ಉಳಿದ ಎಷ್ಟು ಒಳ್ಳೆಯ ಜನ ಆ ಕಾಲವನ್ನು ಸುಮ್ಮನೆ ಕಳೆದಿರಬಹುದು ಎಂದು ಯೋಚಿಸಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಕೇಳಿದವರು ನಮ್ಮವರು ಅನಿಸಬೇಕು ಎಂಬುದೂ ಇದೆ. ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಎದುರು ಓಟಗಾರನೊಬ್ಬ ಜಾರಿ ಬೀಳುತ್ತಾನೆ. ಅವನು ತಮ್ಮ ತಂಡದ ಅಂಗಿ ತೊಟ್ಟಿದ್ದರೆ ಹೆಚ್ಚುಕಡಿಮೆ ಎಲ್ಲರೂ ನೆರವಿಗೆ ಹೋದರು, ಎದುರಾಳಿ ಲಿವರ್‌ಪೂಲ್ ಅಂಗಿಯಾದರೆ ಕೆಲವರೇ. ಆದರೆ ಮುಂಚಿತವಾಗಿ, ಫುಟ್‌ಬಾಲ್ ಪ್ರೇಮಿಗಳಾಗಿರುವುದು ಎಂದರೇನು ಎಂದು ಅವರನ್ನು ಯೋಚನೆಗೆ ಹಚ್ಚಿದಾಗ, ಲಿವರ್‌ಪೂಲ್ ಅಂಗಿಯವನಿಗೂ ಹೆಚ್ಚುಕಡಿಮೆ ಅಷ್ಟೇ ಸಹಾಯ ಸಿಕ್ಕಿತು. ನಮ್ಮವರು ಎಂಬ ಗೆರೆಯನ್ನು ದೂರಕ್ಕೆ ಸರಿಸಲು ಕೆಲವು ನಿಮಿಷ ಸಾಕು ಎಂದಾಯಿತು. ಹತ್ತಿರಕ್ಕೆ ಎಳೆಯಲೂ ಅಷ್ಟೇ ಸಾಕು ಎಂಬುದು ಭಯದ ವಿಷಯ.

ಬರ, ಯುದ್ಧ, ಪ್ರವಾಹದಂಥ ದೊಡ್ಡ ದುರಂತಗಳಲ್ಲಿ ನಮ್ಮನ್ನು ತಡೆಯುವುದು ಇನ್ನೊಂದು. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ತೋರಿಸಿದರು: ಮಾಲಿ ದೇಶದ 7 ವರ್ಷದ ಒಬ್ಬ ಹಸಿದ ಹುಡುಗಿಯ ಚಿತ್ರ ಮತ್ತು ಕಥೆ ಓದಿದವರು, ಲಕ್ಷಾಂತರ ಹಸಿದವರ ಅಂಕಿಅಂಶ ಓದಿದವರಿಗಿಂತ ಎರಡರಷ್ಟು ಹಣ ಕೊಟ್ಟರು. ಹುಡುಗಿಯ ಕಥೆಯ ಜೊತೆಗೇ ಅಂಕಿಅಂಶವನ್ನೂ ಸೇರಿಸಿದರೆ ಕೊಟ್ಟದ್ದು ಕಡಿಮೆಯಾಯಿತು. ಸಂಖ್ಯೆ ಬೆಳೆದಂತೆ ನನ್ನ ಒಂದು ಬೊಗಸೆಯಿಂದ ಏನಾದೀತು ಅನ್ನುವ ಭಾವ ಬೆಳೆಯುತ್ತದೆ. ಬೊಗಸೆ ಮಾತ್ರ ಎರಡೂ ಕಡೆ ಅಷ್ಟೇ ಇರುತ್ತದೆ, ಅದನ್ನು ಕುಡಿಯುವ ಮಗುವೂ ಒಂದೇ.

ಕೊನೆಗೆ, ಮೇಲಿನವರ ಮುಖ ನೋಡಿ ಸುಮ್ಮನಾಗುವುದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಪೊಲೀಸ್ ಅಧಿಕಾರಿಯೊಬ್ಬ 9 ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ರಸ್ತೆ ಬದಿಯ ಜನ ಸುಮ್ಮನಿರಲಿಲ್ಲ. ಬಿಡಿ, ಉಸಿರಾಡ್ತಿಲ್ಲ, ನಾಡಿ ನೋಡಿ ಎಂದು ಕೂಗುತ್ತಲೇ ಇದ್ದರು. ತಡೆಯುವ ಅಧಿಕಾರವಿದ್ದದ್ದು ಅಲ್ಲೇ ಇದ್ದ ಇನ್ನು ಮೂವರು ಪೊಲೀಸರಿಗೆ. ಅವರಲ್ಲಿ ಒಬ್ಬ, ಮಗ್ಗುಲಿಗೆ ಹೊರಳಿಸೋಣವೇ ಎಂದು ಕೇಳಿದ. ಮಂಡಿಯೂರಿದ್ದ ಹಿರಿಯ ಬೇಡವೆಂದ. ಅಲ್ಲಿಗೆ ಮುಗಿಯಿತು. ಎರ್ವಿನ್ ಸ್ಟಾಬ್ ಎಂಬ ಮನಶ್ಶಾಸ್ತ್ರಜ್ಞರು ಜೀವನವಿಡೀ ಅಧ್ಯಯನ ಮಾಡಿದ್ದು ಇಂಥದ್ದನ್ನೇ. ಬುಡಾಪೆಸ್ಟಿನಲ್ಲಿ 6 ವರ್ಷದ ಬಾಲಕನಾಗಿದ್ದಾಗ, 1944ರಲ್ಲಿ, ಅವರೇ ಬೇರೆಯವರು ಅಡ್ಡ ನಿಂತದ್ದರಿಂದ ಬದುಕಿ ಉಳಿದವರು: ಸ್ವೀಡನ್ನಿನ ರಾಜತಾಂತ್ರಿಕ ರೌಲ್ ವಾಲೆನ್‌ಬರ್ಗ್ ಕೊಟ್ಟ ರಕ್ಷಣಾ ಪತ್ರಗಳು, ಮನೆಗೆಲಸದ ಒಬ್ಬ ಹೆಂಗಸಿನ ಧೈರ್ಯ. ಅವರ ವಿಚಾರಗಳನ್ನು ಆಧರಿಸಿ ನ್ಯೂ ಆರ್ಲಿಯನ್ಸ್ ನಗರದ ಪೊಲೀಸ್ ಇಲಾಖೆ, ಸಹೋದ್ಯೋಗಿ ತಪ್ಪು ಮಾಡುವ ಮುನ್ನ ತಡೆಯುವುದನ್ನೇ ಒಂದು ತರಬೇತಿಯಾಗಿ ಕಲಿಸತೊಡಗಿತು. ತಡೆಯುವವನು ದ್ರೋಹಿಯಲ್ಲ, ಗೆಳೆಯನೇ ಎಂದು ಮೊದಲೇ ಒಪ್ಪಿಕೊಂಡಿರುವುದು ಆ ತರಬೇತಿಯ ತಿರುಳು.

ಇಷ್ಟೆಲ್ಲ ಕೇಳಿದ ಮೇಲೆ ಏನು ಮಾಡಬೇಕು ಎಂದರೆ, ನಾನು ದೊಡ್ಡ ಧೈರ್ಯವನ್ನು ಬೇಡುತ್ತಿಲ್ಲ. ಈಜು ಬರದವರು ನೀರಿಗೆ ಹಾರಬೇಡಿ, ಒಬ್ಬರ ಜಾಗದಲ್ಲಿ ಇಬ್ಬರು ಹೋಗುತ್ತಾರೆ. ಹಗ್ಗ ಎಸೆಯಿರಿ, ಕೂಗಿ ಜನ ಕರೆಯಿರಿ. ವಿದ್ಯುತ್ ತಗುಲಿದವರನ್ನು ಸ್ವಿಚ್ಚು ಆರಿಸುವ ಮುನ್ನ ಮುಟ್ಟಬೇಡಿ. ನಾನು ಕೇಳುತ್ತಿರುವುದು ಮೊದಲ ಅರ್ಧ ನಿಮಿಷದ ವಿಷಯ. ಎದುರಿನವರ ಮುಖ ನೋಡುವುದನ್ನು ಬಿಟ್ಟು ಬಿದ್ದವರ ಮುಖ ನೋಡಿ. ಬಗ್ಗಿ ಕೂತು, ಏನಾಗ್ತಿದೆ ನಿಮಗೆ ಎಂದು ಗಟ್ಟಿಯಾಗಿ ಕೇಳಿ. ಅವರಿಗೆ ಏನೂ ಆಗಿರದಿದ್ದರೆ ನಿಮಗೆ ಆಗುವುದು ಒಂದು ಕ್ಷಣದ ಸಂಕೋಚ. ಏನೋ ಆಗಿದ್ದರೆ, ಯಾರಾದರೂ ಆಂಬುಲೆನ್ಸ್ ಕರೆಸಿ ಎಂದು ಗಾಳಿಗೆ ಕೂಗಬೇಡಿ, ಯಾರಾದರೂ ಅಂದರೆ ಯಾರೂ ಅಲ್ಲ. ನೀಲಿ ಅಂಗಿಯವರೇ, ನೀವು ಫೋನ್ ಮಾಡಿ, ಮಾಡಿ ನನಗೆ ಹೇಳಿ. ನೀವೇ ಬಿದ್ದವರಾದರೂ ಅಷ್ಟೇ, ಒಬ್ಬರ ಕಣ್ಣು ಹಿಡಿದು ಅವರನ್ನೇ ಕೇಳಿ.

ಉಪನ್ಯಾಸ ಕೇಳಿ ಯಾರು ಬದಲಾಗುತ್ತಾರೆ ಎಂಬ ಅನುಮಾನ ನನಗೂ ಇತ್ತು. 1978ರಲ್ಲಿ ಆರ್ಥರ್ ಬೀಮನ್ ಮತ್ತು ಸಂಗಡಿಗರು ಅದನ್ನೂ ಪರೀಕ್ಷಿಸಿದರು. ನಾನು ಇವತ್ತು ಹೇಳಿದಂಥ ವಿಷಯವನ್ನು ತರಗತಿಯಲ್ಲಿ ಕೇಳಿದ ವಿದ್ಯಾರ್ಥಿಗಳು, ಎರಡು ವಾರದ ಬಳಿಕ, ಅದೇ ಪರೀಕ್ಷೆ ಎಂದು ಗೊತ್ತಿಲ್ಲದೆ, ಕುಸಿದು ಬಿದ್ದವನೊಬ್ಬನನ್ನು ಎದುರಾದರು. ಜೊತೆಯಲ್ಲಿ ಸುಮ್ಮನೆ ನಿಂತ ಇನ್ನೊಬ್ಬನೂ ಇದ್ದ. ಬೇರೆ ಪಾಠ ಕೇಳಿದವರಲ್ಲಿ ಶೇ. 25 ಮಂದಿ ನೆರವಿಗೆ ಹೋದರೆ, ಈ ಪಾಠ ಕೇಳಿದವರಲ್ಲಿ ಶೇ. 43. ಅರ್ಧಕ್ಕಿಂತ ಕಡಿಮೆಯೇ, ಹೌದು. ಆದರೂ ಈ ವ್ಯತ್ಯಾಸಕ್ಕಾಗಿಯೇ ನಾನು ಕರೆದಲ್ಲಿಗೆಲ್ಲ ಹೋಗಿ ಈ ಮಾತುಗಳನ್ನು ಆಡುತ್ತೇನೆ.

ಪ್ರಶ್ನೆಗಳ ಹೊತ್ತಿನಲ್ಲಿ ಕಾನೂನಿನ ಬಗ್ಗೆ, ಮೊಬೈಲಿನಲ್ಲಿ ಚಿತ್ರೀಕರಿಸುವವರ ಬಗ್ಗೆ ಕೆಲವರು ಕೇಳಿದರು. ಚಿತ್ರೀಕರಣ ಎಲ್ಲ ಸಲವೂ ತಪ್ಪಲ್ಲ, ಮಿನಿಯಾಪೊಲಿಸ್‌ನ ಸತ್ಯ ಹೊರಬಂದದ್ದೇ ಒಬ್ಬ ಹದಿಹರೆಯದ ಹುಡುಗಿಯ ಫೋನಿನಿಂದ ಎಂದೆ. ಬೇರೇನೂ ಮಾಡಲಾಗದವನ ಕೈಯಲ್ಲಿ ಅದು ಸಾಕ್ಷಿ, ಮಾಡಬಹುದಾದವನ ಕೈಯಲ್ಲಿ ನೆಪ. ಕೊನೆಯ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ಆ ಮೆಟ್ಟಿಲ ಮೇಲೆ ಕೂತಿದ್ದವರು ಏನಾದರು?

ನನಗೆ ಗೊತ್ತಿಲ್ಲ ಎಂದೆ. ಮೂರು ದಿನ ಬಿಟ್ಟು ಅದೇ ಹೊತ್ತಿಗೆ ಅಲ್ಲಿಗೆ ಹೋಗಿದ್ದೆ. ಮೆಟ್ಟಿಲು ತಿರುಗುವ ಕಡೆ ಕಂಬಿ ಹಿಡಿದು ನಿಂತೆ. ಕೇಳೋಣವೆಂದರೆ ಯಾರನ್ನು ಕೇಳುವುದು, ಏನೆಂದು ಕೇಳುವುದು. ಸುಮಾರು ಹೊತ್ತು ಹಾಗೇ ನಿಂತಿದ್ದೆ. ಜನ ನನ್ನ ಎರಡೂ ಪಕ್ಕದಿಂದ ಹತ್ತಿಳಿಯುತ್ತಿದ್ದರು. ಒಬ್ಬ ಮುದುಕಿ ಮಾತ್ರ, ಎರಡು ಮೆಟ್ಟಿಲು ದಾಟಿ ಹೋದವಳು, ತಿರುಗಿ ಬಂದು ಕೇಳಿದಳು: ಯಾಕಪ್ಪಾ, ಹುಷಾರಿಲ್ವಾ?